ಮನೆಯಲ್ಲಿ ಇಬ್ಬರಿಗೆ ಜ್ವರ, ಕೆಮ್ಮು: ಯಾರು ಕೋಣೆ ಸೇರಬೇಕು, ಎಷ್ಟು ದಿನ?

ಶುಕ್ರವಾರ ಸಂಜೆ ಎಂದಿಟ್ಟುಕೊಳ್ಳಿ. ಎಂಟು ವರ್ಷದ ಮಗನಿಗೆ ಮಧ್ಯಾಹ್ನದಿಂದ ಮೂಗು ಸೋರುತ್ತಿದೆ, ಮೈ ಬೆಚ್ಚಗಿದೆ. ಅವನಪ್ಪನಿಗೆ ಗಂಟಲು ಕೆರೆತ, ಮೈಕೈ ನೋವು, ಥರ್ಮಾಮೀಟರ್ ಇಟ್ಟರೆ 100.6 ಡಿಗ್ರಿ. ಅಮ್ಮನಿಗೆ ಸದ್ಯಕ್ಕೆ ಏನೂ ಇಲ್ಲ. ಹಾಲ್‌ನಲ್ಲಿ ಟಿವಿ ಮುಂದೆ ಕೂತಿರುವ ಅಜ್ಜಿಗೆ 74 ವರ್ಷ, ಜೊತೆಗೆ ಹಳೇ ಸಕ್ಕರೆ ಕಾಯಿಲೆ. ಎರಡು ಬೆಡ್‌ರೂಮಿನ ಮನೆ. ಭಾನುವಾರ ಹತ್ತಿರದ ನೆಂಟರ ಗೃಹಪ್ರವೇಶ. ಇಂಥ ಹೊತ್ತಿನಲ್ಲಿ ಹೆಚ್ಚಿನ ಮನೆಗಳಲ್ಲಿ ಬರುವ ಮಾತು ಒಂದೇ: "ಹವಾ ಬದಲಾಗಿದೆಯಲ್ಲ, ವೈರಲ್ ಇರಬೇಕು. ನಾಳೆ ನೋಡೋಣ."

ಕೆಡುವುದು ಆ "ನಾಳೆ ನೋಡೋಣ" ಎನ್ನುವಲ್ಲೇ, ಏಕೆಂದರೆ ಇದು ಕೊರೊನಾ ಆಗಿರಬಹುದು. ಕೊರೊನಾ ವೈರಸ್ ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಉಸಿರಿನಲ್ಲಿ ಹೊರಬೀಳತೊಡಗುತ್ತದೆ. ಲಕ್ಷಣ ಶುರುವಾದ ಮೊದಲ ಮೂರು ನಾಲ್ಕು ದಿನ ಅದರ ಅಬ್ಬರ ಹೆಚ್ಚು, ಎಂಟು ಹತ್ತು ದಿನಕ್ಕೆ ಬಹುಪಾಲು ನಿಂತಿರುತ್ತದೆ. ಅಂದರೆ ಶುಕ್ರವಾರ ರಾತ್ರಿ, ಶನಿವಾರ, ಭಾನುವಾರಗಳೇ ಅಜ್ಜಿಗೆ ಅತ್ಯಂತ ಅಪಾಯದ ಗಂಟೆಗಳು. ಸೋಮವಾರ ರಿಪೋರ್ಟ್ ಕೈಗೆ ಬಂದ ಮೇಲೆ ಬೇರೆ ಕೋಣೆಗೆ ಹೋದರೆ ಕೆಲಸ ಅರ್ಧ ಮಾತ್ರ ಆದಂತೆ. ಹಾಗಾಗಿ ನಾನು ಹೇಳುವುದಿಷ್ಟೇ: ಲಕ್ಷಣ ನೋಡಿ ಅದೇ ಸಂಜೆ ಬೇರೆಯಾಗಿ, ಪರೀಕ್ಷೆ ನೋಡಿ ಆಮೇಲೆ ಸಡಿಲಿಸಿ. ಎರಡು ದಿನ ಸುಮ್ಮನೆ ಕೋಣೆಯಲ್ಲಿದ್ದು "ಬರೀ ಶೀತವಂತೆ" ಎಂದು ಹೊರಬಂದರೆ ಯಾರಿಗೂ ನಷ್ಟವಿಲ್ಲ.

2020ರಲ್ಲಿ ಈ ತೀರ್ಮಾನ ಮನೆಯವರದಾಗಿರಲಿಲ್ಲ. ಆ ವರ್ಷದ ಮಾರ್ಚ್‌ನಲ್ಲಿ ವಿದೇಶದಿಂದ ಬಂದವರ ಕೈಗೆ ಸರ್ಕಾರ ಕ್ವಾರಂಟೈನ್ ಮುದ್ರೆ ಒತ್ತುತ್ತಿತ್ತು, ಮನೆ ಬಾಗಿಲಿಗೆ ಚೀಟಿ ಅಂಟಿಸುತ್ತಿದ್ದರು, ಮೊಬೈಲಿನಲ್ಲಿ ಸೆಲ್ಫಿ ಕಳಿಸಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಘೋಷಿಸಿತು. ಆಮೇಲೂ ಅಲೆ ಬಂದಾಗಲೆಲ್ಲ ಸಲಹೆ ಹೊರಬೀಳುತ್ತದೆ: 2023ರ ಡಿಸೆಂಬರ್‌ನಲ್ಲಿ ಜೆಎನ್.1 ಎಂಬ ಕೊರೊನಾ ತಳಿ ಹರಡಿದಾಗ ರಾಜ್ಯ ಸರ್ಕಾರ ಸೋಂಕಿತರಿಗೆ 7 ದಿನ ಮನೆಯಲ್ಲಿರಿ ಎಂದಿತು. ಆದರೆ ಬಾಗಿಲು ತಟ್ಟಿ ಕೇಳುವವರು ಈಗ ಯಾರೂ ಇಲ್ಲ. ತೀರ್ಮಾನ ಪೂರ್ತಿ ನಮ್ಮ ಮೇಲೇ ಇದೆ. ಹಾಗಾಗಿ ಅದನ್ನು ತಿಳಿದು ಮಾಡಬೇಕು.

ಮೊದಲು ಲಕ್ಷಣದ ಮಾತು. ಓಮಿಕ್ರಾನ್ ತಳಿ ಬಂದ ಮೇಲೆ ಕೋವಿಡ್ ಎಂದರೆ ಹೆಚ್ಚಾಗಿ ಗಂಟಲು ನೋವು, ಮೂಗು ಸೋರಿಕೆ, ಕೆಮ್ಮು, ಜ್ವರ, ತಲೆನೋವು, ಸುಸ್ತು. 2020ರಲ್ಲಿ ಎಲ್ಲರೂ ಕಾಫಿಪುಡಿ ಮೂಸಿ ನೋಡುತ್ತಿದ್ದರು, ಆದರೆ ವಾಸನೆ ಹೋಗುವುದು ಈಗ ಅಪರೂಪ. "ನನಗೆ ವಾಸನೆ ಬರ್ತಿದೆ, ಹಾಗಾಗಿ ಕೊರೊನಾ ಅಲ್ಲ" ಎಂಬ ಲೆಕ್ಕ ತಪ್ಪು. ಫ್ಲೂ ಯಾವುದು, ಕೋವಿಡ್ ಯಾವುದು ಎಂದು ಅನುಭವಿ ವೈದ್ಯರೂ ಕಣ್ಣಲ್ಲಿ ನೋಡಿ ಹೇಳಲಾರರು. ಬೇರೆಯಾಗುವ ಮಟ್ಟಿಗೆ ಆ ವ್ಯತ್ಯಾಸ ಮುಖ್ಯವೂ ಅಲ್ಲ, ಎಚ್1ಎನ್1 (ಹಂದಿಜ್ವರದ ಫ್ಲೂ) ಕೂಡ ಅಜ್ಜಿಯ ಶ್ವಾಸಕೋಶಕ್ಕೆ ಕರುಣೆ ತೋರಿಸುವುದಿಲ್ಲ. ಜ್ವರವಿಲ್ಲದೆ, ಕಣ್ಣು ಮೂಗು ತುರಿಸುತ್ತಾ, ಪ್ರತಿ ವರ್ಷ ಅದೇ ತಿಂಗಳಲ್ಲಿ ಬರುವ ಸೀನು ಅಲರ್ಜಿಯಿರಬಹುದು. ಉಳಿದದ್ದನ್ನೆಲ್ಲ ಅಂಟುರೋಗವೆಂದೇ ಹಿಡಿಯಿರಿ.

ಒಂದು ಎಚ್ಚರಿಕೆ ಮಾತ್ರ ಇಲ್ಲೇ ಹೇಳಬೇಕು. ಗಂಟಲು, ಮೂಗು, ಕೆಮ್ಮು ಏನೂ ಇಲ್ಲದೆ ಬರೀ ಜೋರು ಜ್ವರ, ಕಣ್ಣಿನ ಹಿಂದೆ ನೋವು, ಮೈಮೇಲೆ ಗಂಧೆ ಎಂದರೆ ಯೋಚನೆ ಡೆಂಗಿಯ ಕಡೆ ಹೋಗಬೇಕು, ಮಳೆಗಾಲದಲ್ಲಂತೂ ಖಂಡಿತ. ಮಲೆನಾಡಿನಲ್ಲಿ ಚಳಿಗಾಲದಿಂದ ಬೇಸಿಗೆ ಮುಗಿಯುವವರೆಗೆ, ಕಾಡಿನ ಓಡಾಟವಿದ್ದವರಿಗೆ ಇಂಥ ಜ್ವರ ಬಂದರೆ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆಯ ಪರೀಕ್ಷೆ ಆಗಬೇಕು. "ಕೊರೊನಾ ಇರಬಹುದು, ಏಳು ದಿನ ಕೋಣೆಯಲ್ಲಿರೋಣ" ಎಂದು ಇಂಥ ಜ್ವರವನ್ನು ಮುಚ್ಚಿಟ್ಟರೆ ಅಪಾಯ. ಎನ್ಎಸ್1 ಎಂಬ ರಕ್ತಪರೀಕ್ಷೆಯಲ್ಲಿ ಡೆಂಗಿ ಮೊದಲ ಐದು ದಿನದೊಳಗೆ ಚೆನ್ನಾಗಿ ಪತ್ತೆಯಾಗುತ್ತದೆ. ಡೆಂಗಿ ಅಲ್ಲ ಎಂದು ಖಚಿತವಾಗುವವರೆಗೆ ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ. ಐಬುಪ್ರೊಫೆನ್, ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸುತ್ತವೆ, ಅವು ಬೇಡ. ಹೃದಯಕ್ಕೆಂದು ದಿನಾ ಆಸ್ಪಿರಿನ್ ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸದೆ ವೈದ್ಯರನ್ನು ಕೇಳಲಿ.

ಈಗ ನಮ್ಮ ಮನೆಗೆ ಬರೋಣ. ಇಡೀ ಮನೆ ಬಾಗಿಲು ಹಾಕಿಕೊಳ್ಳಬೇಕಿಲ್ಲ. ಯಾರು ಯಾರ ಜೊತೆ ಎಂದು ಮರುಜೋಡಣೆ ಮಾಡಿದರೆ ಸಾಕು. ಅಪ್ಪನಿಗೂ ಮಗನಿಗೂ ಒಂದೇ ದಿನ ಶುರುವಾಗಿದೆ, ಇಬ್ಬರಿಗೂ ಒಂದೇ ಸೋಂಕು ಇರುವ ಸಂಭವ ಹೆಚ್ಚು. ಇಬ್ಬರೂ ಒಂದೇ ಕೋಣೆಗೆ, ಅಟ್ಯಾಚ್ಡ್ ಬಾತ್‌ರೂಮ್ ಇರುವ ಕೋಣೆಗೆ. ಮಗನನ್ನು ನೋಡಿಕೊಳ್ಳುವುದು ಅಪ್ಪನ ಕೆಲಸ. ಇನ್ನೊಂದು ಕೋಣೆ ಅಜ್ಜಿಗೆ. ಅಮ್ಮ ಹಾಲ್‌ನಲ್ಲಿ ಮಲಗಲಿ. ಅಜ್ಜಿಯ ಊಟ, ಮಾತ್ರೆ ನೋಡಿಕೊಳ್ಳುತ್ತಾ, ಅಪ್ಪ ಮಗನ ತಟ್ಟೆಯನ್ನು ಬಾಗಿಲ ಹೊರಗೆ ಸ್ಟೂಲಿನ ಮೇಲಿಟ್ಟು ಬರಲಿ. ಹೆಚ್ಚಿನ ಮನೆಗಳಲ್ಲಿ ಎಡವುವುದು ಇಲ್ಲಿ: ಅಮ್ಮನೇ ರೋಗಿಯ ಹಣೆಗೆ ಒದ್ದೆ ಬಟ್ಟೆ ಹಾಕಿ, ಅದೇ ಕೈಯಲ್ಲಿ, ಅದೇ ಉಸಿರಿನಲ್ಲಿ ಅಜ್ಜಿಗೆ ಮಾತ್ರೆ ಕೊಡಲು ಹೋಗುತ್ತಾಳೆ. ರೋಗಿಯ ಕೋಣೆಗೂ ಅಜ್ಜಿಯ ಕೋಣೆಗೂ ಓಡಾಡುವವರು ಒಬ್ಬರೇ ಆದರೆ ಬೇರೆ ಕೋಣೆ ಹೆಸರಿಗೆ ಮಾತ್ರ. ಅಮ್ಮನಿಗೂ ಸೋಂಕು ಮೊಳಕೆಯೊಡೆಯುತ್ತಿರಬಹುದು. ಓಮಿಕ್ರಾನ್ ತಳಿಗಳಲ್ಲಿ ತಗುಲಿ ಸುಮಾರು ಮೂರು ದಿನಕ್ಕೆ ಲಕ್ಷಣ ಬರುತ್ತದೆ, ಕೆಲವರಲ್ಲಿ ಇನ್ನೂ ತಡವಾಗಿ. ಆದ್ದರಿಂದ ಒಂದು ವಾರ ಅಜ್ಜಿಯ ಕೋಣೆಯೊಳಗೆ ಅವಳು ಎನ್‌95 ಮಾಸ್ಕ್ ಹಾಕಿಕೊಂಡೇ ಹೋಗಬೇಕು. ಬಟ್ಟೆ ಮಾಸ್ಕ್ ಈ ಕೆಲಸಕ್ಕೆ ಸಾಲದು.

ಅಜ್ಜಿಯನ್ನು ತಮ್ಮನ ಮನೆಗೋ ಊರಿಗೋ ಕಳಿಸಿಬಿಡೋಣ ಎನ್ನುವ ಯೋಚನೆ ಪ್ರೀತಿಯಿಂದಲೇ ಬರುವಂಥದ್ದು, ಆದರೆ ಬೇಡ. ಬುಧವಾರದಿಂದ ಅವರು ಇದೇ ಗಾಳಿ ಉಸಿರಾಡಿದ್ದಾರೆ. ಸೋಂಕು ಆಗಲೇ ತಗುಲಿದ್ದರೆ ಅದು ಅವರ ಜೊತೆ ಬಸ್ಸು ಹತ್ತಿ ಇನ್ನೊಂದು ಮನೆಗೆ ಹೋಗುತ್ತದೆ, ಅಲ್ಲಿ ಆಸ್ಪತ್ರೆ ಇನ್ನೂ ದೂರವಿರಬಹುದು.

ಕೋಣೆ ಬೇರೆಯಾದರೂ ಗಾಳಿ ಒಂದೇ ಆದರೆ ಪ್ರಯೋಜನವಿಲ್ಲ. ಜನ ಬಾಗಿಲ ಹಿಡಿ ಒರೆಸುವುದಕ್ಕೆ ಕೊಡುವ ಶ್ರಮದ ಕಾಲುಭಾಗವನ್ನೂ ಗಾಳಿಗೆ ಕೊಡುವುದಿಲ್ಲ, ಈ ವೈರಸ್ಸಿಗೆ ಗಾಳಿಯೇ ಮುಖ್ಯ ದಾರಿ. ರೋಗಿಯ ಕೋಣೆಯ ಗಾಳಿ ಹೊರಗೆ ಹೋಗಬೇಕು, ಮನೆಯ ಗಾಳಿ ಆ ಕೋಣೆಯತ್ತ ಹರಿಯಬೇಕು. ಕಿಟಕಿ ತೆಗೆದು, ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ಹಗಲೂ ರಾತ್ರಿ ಓಡುತ್ತಿರಲಿ, ಬಾತ್‌ರೂಮಿನ ಬಾಗಿಲು ತುಸು ತೆರೆದಿರಲಿ, ಹಾಲ್ ಕಡೆಯ ಬಾಗಿಲು ಮುಚ್ಚಿರಲಿ. ಸರಿಯಾಗಿದೆಯೇ ಎಂದು ನೋಡಲು ಒಂದು ಊದುಬತ್ತಿ ಸಾಕು. ಹಾಲ್ ಕಡೆ ನಿಂತು, ಮುಚ್ಚಿದ ಬಾಗಿಲ ಕೆಳಗಿನ ಸಂದಿಯ ಹತ್ತಿರ ಹಿಡಿಯಿರಿ. ಹೊಗೆ ಕೋಣೆಯೊಳಗೆ ಎಳೆದುಕೊಂಡರೆ ಸರಿ. ನಿಮ್ಮ ಕಡೆಗೆ ತಿರುಗಿದರೆ ಹೊರಗಿನ ಗಾಳಿ ರೋಗಿಯ ಕೋಣೆಯ ಕಿಟಕಿಯಿಂದ ನುಗ್ಗಿ ಸೋಂಕನ್ನು ಹಾಲ್‌ಗೆ ತಳ್ಳುತ್ತಿದೆ ಎಂದರ್ಥ. ಆಗ ಆ ಕಿಟಕಿಯನ್ನು ಅರ್ಧ ಮುಚ್ಚಿ, ಹಾಲ್ ಕಿಟಕಿ ಪೂರ್ತಿ ತೆಗೆದು ಮತ್ತೆ ನೋಡಿ. ಆಗಲೂ ತಿರುಗಿದರೆ ಸಂದಿಗೆ ಟವೆಲ್ ಸುತ್ತಿ ಇಡಿ. ನೋಡಿದ ಕೂಡಲೇ ಊದುಬತ್ತಿ ಆರಿಸಿಬಿಡಿ, ಕೆಮ್ಮುವವರಿಗೆ ಹೊಗೆ ಒಳ್ಳೆಯದಲ್ಲ. ಇನ್ನೊಂದು: ಅಡುಗೆಮನೆಯ ಚಿಮಣಿ ಹಾಕಿದಾಗ ಇಡೀ ಮನೆಯ ಗಾಳಿ ಆ ಕಡೆ ಎಳೆಯುತ್ತದೆ, ರೋಗಿಯ ಕೋಣೆಯದ್ದೂ. ಚಿಮಣಿ ಓಡುವಾಗ ಅಡುಗೆಮನೆ ಕಿಟಕಿ ಅಗಲವಾಗಿ ತೆರೆದಿರಬೇಕು. ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ, ಒಳಗಿನದನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ. ಕಿಟಕಿ ಮುಚ್ಚಿ ಎಸಿ ಹಾಕಿದ ಕೋಣೆ ಅತ್ಯಂತ ಕೆಟ್ಟ ಏರ್ಪಾಡು.

ಒಂದೇ ಕೋಣೆಯ ಮನೆಯಾದರೆ? ರೋಗಿಯ ಹಾಸಿಗೆ ಕಿಟಕಿಯ ಪಕ್ಕ, ಉಳಿದವರದು ಎದುರು ಮೂಲೆಯಲ್ಲಿ, ಒಬ್ಬರ ತಲೆ ಇನ್ನೊಬ್ಬರ ಕಾಲ ಕಡೆ. ಎಚ್ಚರವಿರುವಷ್ಟು ಹೊತ್ತೂ ರೋಗಿಗೆ ಮಾಸ್ಕ್. ಹಗಲಲ್ಲಿ ತಾರಸಿ, ಹಿತ್ತಿಲು, ಜಗಲಿ, ಎಲ್ಲಿ ಬಯಲು ಗಾಳಿಯಿದೆಯೋ ಅಲ್ಲಿ ಕೂರಲಿ. ಹಳ್ಳಿಮನೆಗಳಲ್ಲಿ ರೋಗಿಯನ್ನು ಕತ್ತಲೆಯ ಒಳಕೋಣೆಗೆ ಹಾಕುವುದಕ್ಕಿಂತ ಜಗಲಿಯ ಒಂದು ತುದಿಯಲ್ಲಿ ಚಾಪೆ ಹಾಸುವುದು ಎಷ್ಟೋ ಮೇಲು. ಊಟ ಮಾತ್ರ ಬೇರೆ ಬೇರೆ ಹೊತ್ತಿನಲ್ಲಿ. ಮಾಸ್ಕ್ ತೆಗೆಯುವುದು ಊಟದ ಹೊತ್ತಿಗೇ, ಸೋಂಕು ದಾಟುವುದೂ ಅಲ್ಲೇ.

ಬಾತ್‌ರೂಮ್ ಒಂದೇ ಇದ್ದರೆ ಸ್ನಾನಕ್ಕೆ ರೋಗಿ ಕೊನೆಯಲ್ಲಿ ಹೋಗಲಿ. ಆಮೇಲೆ ಅರ್ಧ ಗಂಟೆ ಕಿಟಕಿ ತೆಗೆದು ಬಾಗಿಲು ಮುಚ್ಚಿಡಿ. ನಲ್ಲಿ, ಚಿಲಕ, ಮಗ್ಗಿನ ಹಿಡಿಯನ್ನು ಸೋಪುನೀರಿನಲ್ಲಿ ಒರೆಸಿದರೆ ಸಾಕು. ಪಾತ್ರೆಗೆ ಮಾಮೂಲಿ ಪಾತ್ರೆ ಸೋಪೇ ಸಾಕು, ಚೊಂಬನ್ನು ಕಚ್ಚಿ ಕುಡಿಯದೆ ಎತ್ತಿ ಕುಡಿಯುವ ನಮ್ಮ ಹಳೇ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ. ಬಳಸಿದ ಮಾಸ್ಕ್‌ಗಳನ್ನು ಕಾಗದದ ಚೀಲದಲ್ಲಿ ಮೂರು ದಿನ ಇಟ್ಟು, ಕತ್ತರಿಸಿ, ಆಮೇಲೆ ಕಸಕ್ಕೆ ಕೊಡಿ. ಅದನ್ನು ಬರಿಗೈಯಲ್ಲಿ ಬೇರ್ಪಡಿಸುವವರು ಪೌರಕಾರ್ಮಿಕರು. ಮನೆಗೆಲಸದವರಿಗೆ ಒಂದು ವಾರ ಬರುವುದು ಬೇಡ ಎಂದು ಹೇಳಿ, ಸಂಬಳ ಹಿಡಿಯಬೇಡಿ. ಹಿಡಿದರೆ ಮುಂದಿನ ಸಲ ಅವರಿಗೆ ಜ್ವರ ಬಂದಾಗ ಮುಚ್ಚಿಟ್ಟು ಕೆಲಸಕ್ಕೆ ಬರುತ್ತಾರೆ.

ಪರೀಕ್ಷೆ ಯಾವಾಗ? ಮನೆಯಲ್ಲೇ ಮಾಡಿಕೊಳ್ಳುವ ಆಂಟಿಜೆನ್ ಕಿಟ್‌ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2021ರ ಮೇನಲ್ಲಿ ಮೊದಲ ಬಾರಿ ಒಪ್ಪಿಗೆ ಕೊಟ್ಟಿತು. ಕಿಟ್ ಪಾಸಿಟಿವ್ ಎಂದರೆ ನಂಬಬಹುದು. ನೆಗೆಟಿವ್ ಎಂದರೆ, ಅದರಲ್ಲೂ ಲಕ್ಷಣದ ಮೊದಲ ದಿನ, ನಂಬಬೇಡಿ. 48 ಗಂಟೆ ಬಿಟ್ಟು ಇನ್ನೊಂದು ಮಾಡಿ, ಅಥವಾ ಲ್ಯಾಬಿನಲ್ಲಿ ಮಾಡುವ ಆರ್‌ಟಿ-ಪಿಸಿಆರ್‌ಗೆ ಕೊಡಿ. ಕಿಟ್ ತಪ್ಪುವುದಕ್ಕೆ ಕಾರಣ ಹೆಚ್ಚಾಗಿ ನಮ್ಮ ಕೈಯೇ. ಮೊದಲು ಸಿಂಬಳ ತೆಗೆದು ಮೂಗು ಸ್ವಚ್ಛ ಮಾಡಿಕೊಳ್ಳಿ. ಕಡ್ಡಿಯನ್ನು ಹೊಳ್ಳೆಯೊಳಗೆ 2ರಿಂದ 4 ಸೆಂಟಿಮೀಟರ್ ತಳ್ಳಿ, ಗೋಡೆಗೆ ತಾಗಿಸಿ ಐದು ಸುತ್ತು ತಿರುಗಿಸಿ, ಅದೇ ಕಡ್ಡಿಯಲ್ಲಿ ಇನ್ನೊಂದು ಹೊಳ್ಳೆ. ದ್ರವದಲ್ಲಿ ಅದ್ದಿ ಕೊಳವೆಯನ್ನು ಹಿಂಡುತ್ತಾ ಹತ್ತು ಸಲ ತಿರುಗಿಸಿ. ಕಿಟ್‌ನ ಚೀಟಿಯಲ್ಲಿ ಹೇಳಿದಷ್ಟೇ ಹನಿ ಹಾಕಿ, ಹೆಚ್ಚು ಹಾಕಿದರೆ ಗೆರೆ ಕಲೆಸಿಹೋಗುತ್ತದೆ. ಹೆಚ್ಚಿನ ಕಿಟ್‌ಗಳನ್ನು 15 ನಿಮಿಷಕ್ಕೆ ಓದಬೇಕು, 20 ದಾಟಿದ ಮೇಲೆ ಮೂಡುವ ಗೆರೆಗೆ ಬೆಲೆಯಿಲ್ಲ. ಸಮಯದೊಳಗೆ ಬಂದ ಮಸುಕು ಗೆರೆಯೂ ಪಾಸಿಟಿವ್ವೇ. ಕಿಟ್ ಸರಿಯಿದೆ ಎಂದು ತೋರಿಸುವ ಕಂಟ್ರೋಲ್ ಗೆರೆಯೇ ಬರದಿದ್ದರೆ ಆ ಕಿಟ್ ಕಸಕ್ಕೆ.

ಒಂದೇ ಕಿಟ್ ಇದ್ದರೆ ಯಾರಿಗೆ? ಸದ್ಯಕ್ಕೆ ಅಪ್ಪನಿಗೆ. ಆದರೆ ಅಜ್ಜಿಗೆ ಗಂಟಲು ಕೆರೆದ ದಿನವೇ ಅವರಿಗೂ ಪರೀಕ್ಷೆ ಆಗಬೇಕು, ಕಾಯುವ ಹಾಗಿಲ್ಲ. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವವರಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಕೊಡುವ ವೈರಸ್ ವಿರೋಧಿ ಮಾತ್ರೆ ಲಕ್ಷಣ ಶುರುವಾದ ಐದು ದಿನದೊಳಗೆ ಆರಂಭವಾದರೆ ಮಾತ್ರ ಫಲ. ಅದು ಕೊಲೆಸ್ಟರಾಲ್, ಹೃದಯದ ಕೆಲವು ಮಾತ್ರೆಗಳ ಜೊತೆ ಹೊಂದುವುದಿಲ್ಲ, ಆದ್ದರಿಂದ ಅಜ್ಜಿಯ ಮಾತ್ರೆಗಳ ಪಟ್ಟಿಯನ್ನು ಇವತ್ತೇ ಬರೆದಿಡಿ.

ಜ್ವರಕ್ಕೆ ದೊಡ್ಡವರಿಗೆ ಪ್ಯಾರಸಿಟಮಾಲ್ 650 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಮೀರಬಾರದು. ಲಿವರ್ ತೊಂದರೆ ಇರುವವರು ಕೇಳಿಯೇ ತೆಗೆದುಕೊಳ್ಳಲಿ. ಮೆಡಿಕಲ್ ಶಾಪಿನಲ್ಲಿ ಕೊಡುವ ಶೀತದ ಮಾತ್ರೆಗಳಲ್ಲೂ ಬಹುಪಾಲು ಇದೇ ಔಷಧ ಸೇರಿರುತ್ತದೆ. ಡೋಲೋ ಒಂದು ಕಡೆ, ಶೀತದ ಮಾತ್ರೆ ಇನ್ನೊಂದು ಕಡೆ ನುಂಗಿ ಪ್ರಮಾಣ ಮೀರಿಸಿಕೊಳ್ಳುವವರು ತುಂಬಾ. ಮಕ್ಕಳಿಗೆ ತೂಕದ ಲೆಕ್ಕ: ಒಂದು ಕಿಲೋಗೆ 10ರಿಂದ 15 ಮಿಲಿಗ್ರಾಂ. 24 ಕಿಲೋ ತೂಗುವ ಮಗುವಿಗೆ ಒಂದು ಸಲಕ್ಕೆ 240ರಿಂದ 360 ಮಿಲಿಗ್ರಾಂ. ಸಿರಪ್ 5 ಮಿಲಿಗೆ 250 ಮಿಲಿಗ್ರಾಂ ಇರುವುದೂ ಸಿಗುತ್ತದೆ, ಅದರ ಅರ್ಧದಷ್ಟು ಇರುವುದೂ ಸಿಗುತ್ತದೆ. ಬಾಟಲಿಯ ಚೀಟಿ ಓದದೆ "ಒಂದು ಮುಚ್ಚಳ" ಎಂದು ಕೊಡಬೇಡಿ.

ಸ್ಟೀರಾಯ್ಡ್ ಮಾತ್ರೆ ಮನೆಯಲ್ಲಿ ಮುಟ್ಟಲೇಬಾರದು. ಡೆಕ್ಸಾಮೆಥಾಸೋನ್ ಜೀವ ಉಳಿಸುವುದು ಆಮ್ಲಜನಕ ಬೇಕಾದ ರೋಗಿಗಳಲ್ಲಿ ಮಾತ್ರ. ಮೊದಲ ದಿನಗಳಲ್ಲಿ ನುಂಗಿದರೆ ವೈರಸ್ಸಿಗೇ ಅನುಕೂಲ, ಸಕ್ಕರೆಯೂ ಏರುತ್ತದೆ. 2021ರಲ್ಲಿ ಕಪ್ಪು ಶಿಲೀಂಧ್ರ ಅಷ್ಟು ಜನರನ್ನು ಕಾಡಿದ್ದರ ಹಿಂದೆ ಏರಿದ ಸಕ್ಕರೆ ಮತ್ತು ಸ್ಟೀರಾಯ್ಡ್ ಎರಡೂ ಇದ್ದವು. ಹಬೆ ತೆಗೆದುಕೊಂಡರೆ ಕಟ್ಟಿದ ಮೂಗಿಗೆ ಹಿತ, ವೈರಸ್ ಸಾಯುವುದಿಲ್ಲ. ಮಕ್ಕಳ ಮುಂದೆ ಕುದಿಯುವ ನೀರಿಟ್ಟು ಸುಟ್ಟುಕೊಂಡ ಪ್ರಕರಣಗಳೇ ಹೆಚ್ಚು ಗಂಭೀರ. ಗಂಜಿ, ತಿಳಿಸಾರು, ಮಜ್ಜಿಗೆ ಧಾರಾಳವಾಗಿ ಕೊಡಿ. ಆರೆಂಟು ಗಂಟೆಗೊಮ್ಮೆಯಾದರೂ ಮೂತ್ರ ಹೋಗುತ್ತಿದ್ದರೆ ನೀರು ಸಾಕಾಗುತ್ತಿದೆ ಎಂದರ್ಥ.

ರಕ್ತದಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ದಿನಕ್ಕೆ ಮೂರು ಸಲ. ಐದು ನಿಮಿಷ ಕೂತು, ಬೆರಳು ಬೆಚ್ಚಗೆ ಉಜ್ಜಿಕೊಂಡು, ನೇಲ್ ಪಾಲಿಶ್ ಮೆಹಂದಿ ಇಲ್ಲದ ಬೆರಳಿಗೆ ಹಾಕಿ, ಅಂಕಿ ನಿಲ್ಲುವವರೆಗೆ ಒಂದು ನಿಮಿಷ ಕಾಯಿರಿ. 95 ಮತ್ತು ಮೇಲೆ ಸರಿ. 94 ಬಂದರೆ ವೈದ್ಯರಿಗೆ ಫೋನ್. ಒಂದು ಗಂಟೆಯೊಳಗೆ ಮೂರು ಸಲ 93 ಅಥವಾ ಕೆಳಗೆ ಬಂದರೆ ಆಸ್ಪತ್ರೆ. ಕಪ್ಪು ಮೈಬಣ್ಣದಲ್ಲಿ ಈ ಯಂತ್ರ ನಿಜಕ್ಕಿಂತ ತುಸು ಹೆಚ್ಚು ತೋರಿಸುವುದುಂಟು, ಆದ್ದರಿಂದ ಗಡಿಯ ಅಂಕಿಯನ್ನು ಸಮಾಧಾನವೆಂದು ತಿಳಿಯಬೇಡಿ. ಆರಾಮಾಗಿರುವ ದೊಡ್ಡವರು ಕೋಣೆಯಲ್ಲೇ ಆರು ನಿಮಿಷ ನಡೆದು ಮತ್ತೆ ನೋಡಲಿ, 3 ಅಂಕಿ ಇಳಿದರೆ ಅದೂ ಎಚ್ಚರಿಕೆಯೇ. ಅಜ್ಜಿಗೆ ಈ ನಡಿಗೆ ಬೇಡ. ಉಸಿರಾಟವನ್ನು ಪೂರ್ತಿ ಒಂದು ನಿಮಿಷ ಎಣಿಸಿ, ಎಣಿಸುತ್ತಿದ್ದೇನೆಂದು ಹೇಳದೆ, ಹೇಳಿದರೆ ಉಸಿರಿನ ಲಯವೇ ಬದಲಾಗುತ್ತದೆ. ದೊಡ್ಡವರಲ್ಲಿ ನಿಮಿಷಕ್ಕೆ 24 ಮುಟ್ಟಿದರೆ, ಐದು ದಾಟಿದ ಮಕ್ಕಳಲ್ಲಿ 30, ಒಂದರಿಂದ ಐದು ವರ್ಷದವರಲ್ಲಿ 40, ಎರಡು ತಿಂಗಳಿಂದ ಒಂದು ವರ್ಷದ ಕೂಸಿಗೆ 50 ಮುಟ್ಟಿದರೆ ತಡಮಾಡಬೇಡಿ. ಎದೆ ಒತ್ತಿದಂತಾಗುವುದು, ಗೊಂದಲದ ಮಾತು, ಎಬ್ಬಿಸಿದರೂ ಏಳದಿರುವುದು ಕಂಡರೆ ಅಂಕಿಗೆ ಕಾಯದೆ 108ಕ್ಕೆ ಕರೆ ಮಾಡಿ. ಮೂರು ದಿನ ದಾಟಿದರೂ 100 ಡಿಗ್ರಿ ಮೀರಿದ ಜ್ವರ ಬಿಡದಿದ್ದರೆ ಕೊರೊನಾ ಇರಲಿ ಬಿಡಲಿ ವೈದ್ಯರಿಗೆ ತೋರಿಸಬೇಕು.

ದಿನದ ಲೆಕ್ಕದಲ್ಲಿ ಬಹಳ ಜನ ತಪ್ಪುತ್ತಾರೆ. ಲಕ್ಷಣ ಶುರುವಾದ ಶುಕ್ರವಾರ ಸೊನ್ನೆಯ ದಿನ, ಶನಿವಾರ ಒಂದು. ಕೇಂದ್ರ ಆರೋಗ್ಯ ಸಚಿವಾಲಯ 2020ರ ಮೇನಲ್ಲಿ 17 ದಿನ ಹೇಳಿತ್ತು, 2022ರ ಜನವರಿಯಲ್ಲಿ ಅದನ್ನು 7 ದಿನಕ್ಕೆ ಇಳಿಸಿ, ಕೊನೆಯ ಮೂರು ದಿನ ಜ್ವರವಿರಬಾರದು ಎಂದಿತು. ನಾನು ಈಗಲೂ ಅದನ್ನೇ ಹಿಡಿಯುತ್ತೇನೆ. ಜ್ವರವಿಲ್ಲ ಎಂದರೆ ಮಾತ್ರೆ ಇಲ್ಲದೆ ಜ್ವರವಿಲ್ಲ ಎಂದು. ಬೆಳಿಗ್ಗೆ ಡೋಲೋ ನುಂಗಿ "ಜ್ವರ ಬಿಟ್ಟಿದೆ" ಎಂದು ಆಫೀಸಿಗೆ ಹೊರಡುವುದು ಈ ಲೆಕ್ಕಕ್ಕೆ ಬರುವುದಿಲ್ಲ. ಮಂಗಳವಾರ ಅಮ್ಮನಿಗೆ ಕೆಮ್ಮು ಶುರುವಾದರೆ ಅವಳ ಸೊನ್ನೆ ಮಂಗಳವಾರ. ಅಪ್ಪನ ಲೆಕ್ಕ ಮತ್ತೆ ಮೊದಲಿಂದ ಶುರುವಾಗುವುದಿಲ್ಲ. ಆಗ ಅವಳು ಕೋಣೆಗೆ ಸೇರಿ, ಅಡುಗೆ ಅಪ್ಪನ ಪಾಲಿಗೆ ಬರುತ್ತದೆ, ಎನ್‌95 ಹಾಕಿಕೊಂಡು. ಎರಡು ಆಂಟಿಜೆನ್ 48 ಗಂಟೆಯ ಅಂತರದಲ್ಲಿ ನೆಗೆಟಿವ್ ಬಂದು, ಜ್ವರ ಬಿಟ್ಟು 24 ಗಂಟೆ ಕಳೆದಿದ್ದರೆ ಮುಂಚೆಯೇ ಹೊರಬರಬಹುದು.

ದಿನಗೂಲಿಯವರಿಗೆ ಏಳು ದಿನವೆಂದರೆ ಏಳು ದಿನದ ಅಕ್ಕಿ. ಅವರಿಗೆ ಹೇಳುವುದು: ಜ್ವರವಿರುವಷ್ಟು ದಿನ, ಕಡಿಮೆಯೆಂದರೆ ಮೊದಲ ಐದು ದಿನ ಹೋಗಬೇಡಿ, ಆಮೇಲೆ ಹತ್ತನೆಯ ದಿನದವರೆಗೆ ಮಾಸ್ಕ್ ಹಾಕಿ, ಬಯಲಲ್ಲಿ ಮಾಡುವ ಕೆಲಸ ಕೇಳಿಕೊಳ್ಳಿ. ಹೊರದೇಶದಲ್ಲಿರುವ ಕನ್ನಡಿಗರು ಅಲ್ಲಿಯ ನಿಯಮ ನೋಡಿಕೊಳ್ಳಬೇಕು. ಅಮೆರಿಕದಲ್ಲಿ 2024ರ ಮಾರ್ಚ್‌ನಿಂದ ಜ್ವರ ಬಿಟ್ಟು, ಲಕ್ಷಣ ಇಳಿಮುಖವಾಗಿ 24 ಗಂಟೆ ಕಳೆದರೆ ಹೊರಬರಬಹುದು, ಇನ್ನೈದು ದಿನ ಎಚ್ಚರಿಕೆ. ಇಂಗ್ಲೆಂಡಿನಲ್ಲಿ 2022ರ ಏಪ್ರಿಲ್‌ನಿಂದ ಪಾಸಿಟಿವ್ ಬಂದ ದೊಡ್ಡವರಿಗೆ 5 ದಿನ, ಮಕ್ಕಳಿಗೆ 3 ದಿನದ ಸಲಹೆ. ಊರಿಂದ ಅಪ್ಪ ಅಮ್ಮ ಬಂದು ಜೊತೆಗಿದ್ದರೆ ಆ ಕನಿಷ್ಠಕ್ಕೆ ನಿಲ್ಲಬೇಡಿ.

ಗೃಹಪ್ರವೇಶಕ್ಕೆ ಶುಕ್ರವಾರ ರಾತ್ರಿಯೇ ಫೋನ್ ಮಾಡಿ ಬರುವುದಿಲ್ಲವೆಂದು ಹೇಳಿ. ನೆಂಟರು ಬೇಜಾರು ಮಾಡಿಕೊಂಡರೂ ವಾರದಲ್ಲಿ ಮರೆಯುತ್ತಾರೆ. ಬುಧವಾರದಿಂದ ಹತ್ತಿರ ಕೂತು ಮಾತಾಡಿದವರಿಗೆ, ಮಗನ ಕ್ಲಾಸ್ ಟೀಚರಿಗೆ, ಪಕ್ಕದ ಮನೆಯ ವಯಸ್ಸಾದವರಿಗೆ ಒಂದು ಮೆಸೇಜ್ ಹೋಗಲಿ: "ನಮ್ಮಲ್ಲಿ ಇಬ್ಬರಿಗೆ ಜ್ವರ, ಇನ್ನೂ ಪರೀಕ್ಷೆ ಆಗಿಲ್ಲ, ನಿಮಗೇನಾದರೂ ಗಂಟಲು ಕೆರೆದರೆ ಹುಷಾರು."

ಏಳು ದಿನ ಕಳೆದ ಮೇಲೂ ಕೆಮ್ಮು ಎರಡು ಮೂರು ವಾರ ಎಳೆಯಬಹುದು. ಅದಕ್ಕಾಗಿ ಕೋಣೆಯಲ್ಲೇ ಕೂರಬೇಕಿಲ್ಲ. ಹೊರಬರಲು ಆರ್‌ಟಿ-ಪಿಸಿಆರ್ ಮತ್ತೆ ಮಾಡಿಸಬೇಡಿ, ಸತ್ತ ವೈರಸ್ಸಿನ ಚೂರುಗಳಿಂದ ಅದು ವಾರಗಟ್ಟಲೆ ಪಾಸಿಟಿವ್ ಬರುತ್ತಿರುತ್ತದೆ. ಮುಂದಿನ ಶುಕ್ರವಾರ ಸೊನ್ನೆಯಿಂದ ಏಳನೆಯ ದಿನ, ಶನಿವಾರದಿಂದ ಅಪ್ಪ ಮಗ ಹೊರಗೆ ಓಡಾಡಲಿ. ಅಜ್ಜಿಯ ಕೋಣೆಗೆ ಮಾತ್ರ ಸೋಮವಾರದವರೆಗೆ, ಅಂದರೆ ಹತ್ತನೆಯ ದಿನದವರೆಗೆ ಮಾಸ್ಕ್ ಹಾಕಿಕೊಂಡೇ ಹೋಗಬೇಕು. ಮೊಮ್ಮಗ ಅಜ್ಜಿಯ ಪಕ್ಕ ಮಲಗುವುದು ಮಂಗಳವಾರದಿಂದ.